ಬೋರ್ಡ್ ಗೇಮ್ ವಿಮರ್ಶೆ ಬರಿಯಾಕ ಹೊಂಟೀನಿ: ಮನಿಮಂದಿಗೋ, ಆಟದ ಹುಚ್ಚರಿಗೋ?

ನವನಗರದಾಕಿ:
ನಮಸ್ಕಾರ್ರೀ. ನಾ ಬಾಗಲಕೋಟಿಯಾಕಿ. ಕನ್ನಡದಾಗ ಬೋರ್ಡ್ ಗೇಮ್ ವಿಮರ್ಶೆ ಬರೀಬೇಕಂತ ಮಾಡೀನಿ. ಕೈಯಾಗ 15,000 ರೂಪಾಯಿ ಐತಿ. ಆಡಾಕ ಅತ್ತಿ, ನಮ್ಮನಿಯವ್ರು, ಇಬ್ರು ಮಕ್ಕಳು (9, 13), ಮತ್ತ ಶನಿವಾರ ಬರೋ ಮೂರು ಮಂದಿ ಆಟದ ಹುಚ್ಚರು ಅದಾರ. ಎಲ್ಲಾರಿಗೂ ಒಂದ ವಿಮರ್ಶೆ ಸಾಕೋ, ಬ್ಯಾರೆ ಬ್ಯಾರೆ ಬರೀಬೇಕೋ? ಮೊದಲ ಯಾವ ಆಟ ತರಿಸ್ಲಿ? ಅನುಭವ ಇದ್ದವ್ರು ಹೇಳ್ರಿ.

ಟಿಳಕವಾಡಿ ಇಟ್ಟಂಗಿ:
ಅಕ್ಕಾರ, ನಾ ಶುರು ಮಾಡಿದ್ದು ಕಟಾನ್‌ನಿಂದ. ಜಾಗದ ಮ್ಯಾಲಿನ ಅಂಕಿ ದಾಳದಾಗ ಬಿದ್ರ ಕುರಿ, ಇಟ್ಟಂಗಿ ಸಿಗ್ತಾವ, ಅವನ್ನ ಅದಲಿ ಬದಲಿ ಮಾಡಿ ಊರು ಕಟ್ಟೋ ಆಟ. 2,899 ಕೊಟ್ಟೆ. ನಮ್ಮನಿಯಾಗ ಐದು ಮಂದಿ, ಡಬ್ಬಿ ಮ್ಯಾಲ 3-4 ಅಂತ ಇದ್ದಿದ್ದು ಕಣ್ಣಿಗೆ ಬೀಳಲಿಲ್ಲ. ಅಪ್ಪ "ನೀವ ಆಡ್ರಪಾ" ಅಂದು ಟಿವಿ ಹಚ್ಚಿದ್ರು. 5-6 ಮಂದಿ ಆಡೋ ಹೆಚ್ಚಿನ ಡಬ್ಬಿಗೆ ಮತ್ತ 1,950. ಅದು ಬರೂದ್ರಾಗ ಅಪ್ಪಂದು ಸಿಟ್ಟೂ ಇಳದಿತ್ತು, ಆಡೋ ಆಸೇನೂ ಇಳದಿತ್ತು. ಜುಲೈದಾಗ ಬೆಳಗಾವಿ ಮಳಿ ಹಿಡೀತು, ಕಾರ್ಡೆಲ್ಲಾ ಹಪ್ಪಳದಂಗ ಸೊಟ್ಟ ಆದ್ವು. ಕಾರ್ಡಿನ ಕವರ್ 480, ತ್ಯಾವ ಹೀರೋ ಪೊಟ್ಟಣ 120, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ 650. ಒಟ್ಟ 6,099, ಒಂದ ಆಟಕ್ಕ!

ಇನ್ನ ವಿಮರ್ಶೆ. ಒಂದ ಸಲ ಆಡಿ ಆ ರಾತ್ರಿನ ಬರದೆ: "ಬರೇ ದೈವದ ಆಟ." ಹತ್ತು ಸಲ ಆಡಿದ ಮ್ಯಾಲ ತಿಳೀತು. ಎರಡು ದಾಳದ 36 ಬಗಿಯೊಳಗ ಏಳು ಬೀಳೋದು 6, ಆರು ಮತ್ತ ಎಂಟು ಬೀಳೋದು ಐದೈದು. ದೈವ ಎಲ್ಲಿ ಬಂತು? ನಾ ಕುರಿ ಜಾಗಾನ ಹಿಡಕೊಂಡು ಕುಂತಿದ್ದೆ. ಕುರಿ ಜಾಗ ನಾಕು, ಇಟ್ಟಂಗಿ ಜಾಗ ಮೂರ. ಇಟ್ಟಂಗಿ ಇದ್ದವ್ರು ಯಾಕ ಕೊಡ್ತಾರ? ಆ ವಿಮರ್ಶೆ ಅಳಿಸಿಲ್ಲ. ಬುದ್ಧಿ ಬರ್ಲಿ ಅಂತ ಇಟ್ಟೀನಿ.

ಗುಮ್ಮಟದ ಬಾಜೂದವ:
6,099? ನಾ ಅಷ್ಟ್ರಾಗ ಒಂದು ವರ್ಷ ಆಡೀನಿ. ನಮ್ಮ ವಿಜಯಪುರದ ಮನ್ಯಾಗ ಇಂಗ್ಲಿಷ್ ಬರೂದು ಇಬ್ಬರಿಗೇ. ಅದಕ್ಕ ಕೋಡ್‌ನೇಮ್ಸ್ ಕನ್ನಡದಾಗ ಮಾಡಿದೆ. ಒಂದು ಶಬ್ದ, ಒಂದು ಅಂಕಿ ಸುಳಿವು ಕೊಟ್ಟು, ಹರವಿದ ಕಾರ್ಡಿನೊಳಗ ಅದಕ್ಕ ಹೊಂದೋ ಅಷ್ಟು ಶಬ್ದ ನಮ್ಮ ಕಡೆಯವ್ರಿಂದ ಹುಡುಕಸೋ ಆಟ ಅದು. ಡಬ್ಬ್ಯಾಗ 200 ಕಾರ್ಡು, ಎರಡೂ ಕಡೆ ಸೇರಿ 400 ಶಬ್ದ. ಅವನ್ನ ಹಂಗ ತರ್ಜುಮಿ ಮಾಡಿದ್ರ ಆಟ ಸತ್ತ ಹೋಗ್ತದ, ಎರಡು ಅರ್ಥ ಇರೋ ಶಬ್ದನ ಬೇಕು. ಅರಸು, ಕಾಲು, ಹತ್ತು, ಹೊತ್ತು, ಹಿಂಗ ಮೂರು ತಿಂಗಳು ಹುಡುಕಿದೆ. 'ಮುತ್ತು' ಹಾಕಿದ್ದು ತಪ್ಪಾತು. ತಮ್ಮ "ಮದುವಿ, ಎರಡು" ಅಂತ ಸುಳಿವು ಕೊಟ್ಟ, ಅಪ್ಪಾರು ಮುತ್ತಿನ ಮ್ಯಾಲ ಬೆರಳಿಟ್ರು, ಅವ್ವ ಎದ್ದು ಒಳಗ ಹೋದ್ಲು. ಛಾಪಿಸಿದ್ದು 1,340, ಲ್ಯಾಮಿನೇಷನ್ 600. ಕತ್ತರಿಸಿದವ ಸೊಟ್ಟ ಕತ್ತರಿಸಿದ, ಮತ್ತ 1,340. ಆದ್ರ ನನ್ನ ವಿಮರ್ಶೆ ಓದಿ ಒಬ್ಬಾಕಿ ಅಜ್ಜಿ ಶಬ್ದದ ಪಟ್ಟಿ ಕೇಳಿದ್ರು. ಅಷ್ಟ ಸಾಕು ನನಗ.

ಜಮಖಂಡಿ ಖರೇ ಡಬ್ಬಿ:
ಛಾಪಿಸಿದ್ದು ಅಂದ್ರ ಕದ್ದದ್ದು. ಇಂಥವರಿಂದನ ನಾ ಮರ್ಯಾದಿ ಕಳಕೊಂಡೆ. ಸ್ಪ್ಲೆಂಡರ್ ಅನ್ನೋ ರತ್ನದ ಬಿಲ್ಲೆ ಕೂಡಿಸೋ ಆಟ 1,100ಕ್ಕ ಸಿಕ್ತಂತ ಕುಣದಾಡಿ ತಂದೆ. ವಿಮರ್ಶೆಯಾಗ "40 ಬಿಲ್ಲೆ, ಎಲ್ಲಾ ಹಗುರ ಪ್ಲಾಸ್ಟಿಕ್, ದುಡ್ಡು ದಂಡ" ಅಂತ ಬೈದೆ. ಓದಿದವ್ರು ನಕ್ಕರು. ಖರೇ ಡಬ್ಬ್ಯಾಗ ಬಿಲ್ಲೆ ಕೈಗೆ ಭಾರ ಹತ್ತೂವಂಗ ಇರ್ತಾವಂತ! ನಂದು ನಕಲಿ. ಅಂಗಡಿಯವ ವಾಪಸ್ ತಗೊಳ್ಳಲಿಲ್ಲ. ಖರೇದು ಮತ್ತ 2,400 ಕೊಟ್ಟು ತಂದು ಕ್ಷಮಾ ಕೇಳಿ ಬರದೆ. ಈಗೂ ಯಾರರೆ ಮದುವ್ಯಾಗ ಸಿಕ್ರ "ಬಿಲ್ಲೆ ತೂಗಿದ್ರೇನು?" ಅಂತಾರ.

ಗುಮ್ಮಟದ ಬಾಜೂದವ:
ನಕಲಿ ತಂದಾವ ನೀ, ಕಳ್ಳ ನಾ? ಶಬ್ದ ನನ್ನವು, ಒಂದ ಸೆಟ್ ಮಾಡೀನಿ, ಒಂದ ಪೈಸೆಕ್ಕ ಮಾರಿಲ್ಲ. ಅಸಲಿ ಡಬ್ಬೀನೂ ಕಪಾಟಿನ್ಯಾಗ ಅದ, ಬಂದು ತೂಗಿ ನೋಡು.

ಹಿಂದವಾಡಿ ಹಳೇ ದಾಳ:
ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಬೇರೆ ಬೇರೆ ಬರೆಯಿರಿ. ಜರ್ಮನಿಯವರು 1979ರಿಂದ 'ಶ್ಪೀಲ್ ಡೆಸ್ ಯಾರೆಸ್' ಪ್ರಶಸ್ತಿ ಕೊಡುತ್ತಿದ್ದಾರೆ. ಮನೆಮಂದಿಯನ್ನೂ ಪಳಗಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆ 2011ರಲ್ಲಿ ಪಳಗಿದವರಿಗೆಂದೇ 'ಕೆನ್ನರ್‌ಶ್ಪೀಲ್' ಶುರುಮಾಡಿದರು. ಮೊದಲು ಗೆದ್ದದ್ದು ಸೆವೆನ್ ವಂಡರ್ಸ್.

ಆದರೆ ನಿಜವಾದ ತೊಂದರೆ ಅದಲ್ಲ, ವಿಮರ್ಶೆ ಬರೆಯಲೆಂದು ಆಟ ಮಾರುವವರು ಕಳಿಸುವ ಪುಕ್ಕಟೆ ಡಬ್ಬಿ. ನನಗೂ ಒಬ್ಬರು ಕಳಿಸಿದ್ದರು. ಪುಕ್ಕಟೆ ಬಂದದ್ದನ್ನು ಕಾಣುವಂತೆ ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಪರಿಷತ್ತು 2021ರಲ್ಲೇ ಹೇಳಿದೆ. ಮೊದಲ ಸಾಲಿನಲ್ಲೇ ಹಾಕಿದೆ. ಎರಡನೆಯ ಸಾಲಿನಲ್ಲಿ "ನಿಯಮ ವಿವರಿಸಲು 40 ನಿಮಿಷ, ಆಡಲು 35" ಎಂದೆ. ಮೂರನೆಯ ಸಾಲು ಅವರು ಓದಿದ್ದಾರೋ ಇಲ್ಲವೋ, ಆಮೇಲೆ ಫೋನ್ ಎತ್ತಿಲ್ಲ. 38 ವಿಮರ್ಶೆ ಬರೆದವನಿಗೆ ಸಿಕ್ಕ ಮರ್ಯಾದೆ ಇದು.

ಗುಳೇದಗುಡ್ಡ ಕವಡಿ:
ಜರ್ಮನಿ ಯಾಕ್ರಿ ಬೇಕು? ಕೋಡ್‌ನೇಮ್ಸಿಗೂ 25 ಮನಿ, ನಮ್ಮ ಚೌಕಾಬಾರಾಕ್ಕೂ 25 ಮನಿ. ನಾ ಖಣದ ಅರಿವಿ ಮ್ಯಾಲ ಮನಿ ಹೊಲಿಸಿ 20 ಸೆಟ್ ಮಾಡಿದೆ. ಹೊಲಿಗಿ 90ರಂಗ 1,800. ಗೋಕಾಕದಾಗ ಕಟಗಿ ಕಾಯಿ ಮಾಡಿಸಿದೆ: ಸೆಟ್ಟಿಗೆ 16ರಂಗ 320 ಕಾಯಿ, ಒಂದಕ್ಕ 6 ರೂಪಾಯಿ, ಅದು 1,920. ಕವಡಿ ಬ್ಯಾರೆ. ವಿಮರ್ಶಕರು ಅನ್ನಿಸಿಕೊಂಡವ್ರು "ಬುದ್ಧಿಗೆ ಕೆಲಸ ಇಲ್ಲ" ಅಂತ ಎರಡು ಸಾಲು ಬರದ್ರು. ಎದುರಿನವ್ರ ಕಾಯಿ ಹೊಡದ ಹೊರತು ಒಳಗಿನ ಮನಿಗೆ ಹೋಗೂವಂಗಿಲ್ಲ, ನಾಕು ಕಾಯಾಗ ಯಾವುದು ನಡಸ್ಬೇಕು, ಯಾವುದು ಕಾಯಬೇಕು, ಇದಕ್ಕ ಬುದ್ಧಿ ಬ್ಯಾಡೇನು? 7 ಸೆಟ್ ಹೋದ್ವು, 13 ಟ್ರಂಕಿನ್ಯಾಗ ಅದಾವ.

ಟಿಳಕವಾಡಿ ಇಟ್ಟಂಗಿ:
ಕಾಕಾ, ನಿಮ್ಮ ಸೆಟ್ ತಗೊಂಡ ಏಳು ಮಂದಿಯೊಳಗ ನಾನೂ ಒಬ್ಬ. ನಿಯಮದ ಚೀಟಿನ ಇರಲಿಲ್ಲ! ಬಾರಾ ಮೂರು ಸಲ ಸಾಲಾಗಿ ಬಿದ್ರ ಮೂರೂ ಸುಟ್ಟು ಹೋಗ್ತಾವ ಅಂತ ನಮ್ಮವ್ವ, ಇಲ್ಲ ಅಂತ ನಮ್ಮತ್ತಿ. ಎರಡು ತಾಸು ಜಗಳ, ಊಟ ಇಲ್ಲ.

ಗುಳೇದಗುಡ್ಡ ಕವಡಿ:
ಚೌಕಾಬಾರಾಕ್ಕ ಚೀಟಿ ಯಾರು ಹಾಕ್ತಾರೋ ತಮ್ಮಾ? ಸುಡ್ತಾವ. ನಿಮ್ಮವ್ವಂದ ಖರೆ.

ಗುಮ್ಮಟದ ಬಾಜೂದವ:
ನಮ್ಮ ಕಡೆ ಸುಡೂದಿಲ್ಲ.

ನವನಗರದಾಕಿ:
ನಮ್ಮತ್ತಿಗೆ ಓದಿ ಹೇಳಿದೆ. ಅವ್ರೂ "ಸುಡೂದಿಲ್ಲ" ಅಂತಾರ್ರಿ. ಕಾಕಾರ, ಒಂದು ಸೆಟ್ ಎಷ್ಟು? ಚೀಟಿ ನಾ ಬರೀತೀನಿ.