ಮಿಶ್ರ ಹರಳಿನ ಸರ: ಕಡ್ಡಿಯಂತೆ ಸೆಟೆಯುತ್ತೆ, ಕೊಂಡಿ ಹತ್ತಿರ ವೈರ್ ತುಂಡಾಗುತ್ತೆ

ಹರಳುಪ್ರಿಯೆ:
45 ಸೆಂ.ಮೀ. ಸರಕ್ಕೆ 8 ಮಿ.ಮೀ. ಅಮೆಥಿಸ್ಟ್, 6 ಮಿ.ಮೀ. ಲ್ಯಾಪಿಸ್, 4 ಮಿ.ಮೀ. ಗಾರ್ನೆಟ್, ನಡುನಡುವೆ 6 ಮಿ.ಮೀ. ಮುತ್ತು ಪೋಣಿಸಿದ್ದೀನಿ. ವೈರ್ 0.38 ಮಿ.ಮೀ., 7 ಎಳೆಯದು. ಕತ್ತಿನ ಮೇಲೆ ಸರ ಬಾಗೋದೇ ಇಲ್ಲ. ಕ್ರಿಂಪ್ (ವೈರ್ ತುದಿಯನ್ನ ಹಿಡಿದಿಡೋಕೆ ಒತ್ತಿ ಕೂರಿಸೋ ಪುಟ್ಟ ಲೋಹದ ಕೊಳವೆ) ಪಕ್ಕದಲ್ಲೇ ವೈರ್ ಪದೇ ಪದೇ ಕಿತ್ತು ಬರುತ್ತೆ. ಇನ್ನೂ ದಪ್ಪ ವೈರ್ ಹಾಕೋಣ ಅಂದ್ರೆ ಮುತ್ತಿನ ತೂತಿಗೆ ಹೋಗಲ್ಲ. ಏನು ಮಾಡಲಿ?

ಇಕ್ಕಳ:
ದಪ್ಪ ಬೇಡ, ಎಳೆ ಹೆಚ್ಚಿರೋದನ್ನ ತಗೊಳ್ಳಿ. ಅದೇ 0.38ರಲ್ಲಿ 49 ಎಳೆಯದು ಸಿಗುತ್ತೆ. 7 ಎಳೆಯದು ಬಿರುಸು, ಒಂದೇ ಜಾಗದಲ್ಲಿ ಮಡಿಸಿ ಮಡಿಸಿ ಎಳೆಗಳು ಒಂದೊಂದಾಗಿ ಮುರೀತವೆ.

ಸರ ಸೆಟೆಯೋಕೆ ಕಾರಣ ಬಿಗಿ. ನೆಟ್ಟಗೆ ಮಲಗಿಸಿ ಎಳೆದು ಕ್ರಿಂಪ್ ಮಾಡಿದ್ರೆ, ಬಾಗುವಾಗ ಒಳಬದಿಯಲ್ಲಿ ಮಣಿಗಳು ಒಂದಕ್ಕೊಂದು ಒತ್ತಿಕೊಳ್ತವೆ. ಕೊನೇ ಕ್ರಿಂಪ್ ಒತ್ತುವ ಮುಂಚೆ ಸರವನ್ನ ಕತ್ತಿನಳತೆಗೆ ದುಂಡಗೆ ಬಾಗಿಸಿ, 2-3 ಮಿ.ಮೀ. ಸಡಿಲ ಬಿಡಿ. ಹರಳುಗಳ ನಡುವೆ 2 ಮಿ.ಮೀ. ಬೆಳ್ಳಿ ಗುಂಡು ಹಾಕಿದ್ರೆ ಇನ್ನೂ ಚೆನ್ನಾಗಿ ಬಾಗುತ್ತೆ.

ಕ್ರಿಂಪನ್ನ ಸಾಮಾನ್ಯ ಇಕ್ಕಳದಲ್ಲಿ ಚಪ್ಪಟೆ ಮಾಡ್ಬೇಡಿ, ಅದರ ಅಂಚೇ ವೈರನ್ನ ಕೊಯ್ಯುತ್ತೆ. ಕ್ರಿಂಪ್ ಇಕ್ಕಳದ ಒಳಗಿನ ಕಚ್ಚಿನಲ್ಲಿ ಒತ್ತಿ ನಡುವೆ ಹಳ್ಳ ಮಾಡಿ. ಎರಡೂ ವೈರ್ ಹಳ್ಳದ ಆಚೆ ಈಚೆ ಇರ್ಬೇಕು, ಒಂದರ ಮೇಲೊಂದು ಬಂದ್ರೆ ಅಲ್ಲೇ ಕತ್ತರಿಸುತ್ತೆ. ಆಮೇಲೆ ಕಾಲು ಸುತ್ತು ತಿರುಗಿಸಿ ಹೊರಗಿನ ದುಂಡು ಕಚ್ಚಿನಲ್ಲಿ ಮಡಿಸಿ. ಕೊಂಡಿಯ ಬಳೆಗೆ ವೈರ್ ಉಜ್ಜದ ಹಾಗೆ ವೈರ್ ಗಾರ್ಡ್ (ವೈರಿನ ಕುಣಿಕೆಯನ್ನ ಕಾಯೋ U ಆಕಾರದ ಪುಟ್ಟ ಲೋಹದ ತುಂಡು) ಹಾಕಿ. ಎರಡೂ ತುದಿಗೆ 3 ಮಿ.ಮೀ.ನ ದೊಡ್ಡ ತೂತಿನ ಲೋಹದ ಗುಂಡು ಮೂರು ಮೂರು ಇರಲಿ, ಉಳಿದ ತುದಿವೈರ್ ಅದರೊಳಗೆ ಅಡಗುತ್ತೆ.

ಸೂಜಿದಾರ:
ಬಣ್ಣಕ್ಕಿಂತ ಮೊದಲು ಗಡಸುತನ ನೋಡಿ ಜೋಡಿಸ್ಬೇಕು. ಗಡಸುತನದ ಮೋಸ್ ಅಳತೆಯಲ್ಲಿ (1 ಅತಿ ಮೆತ್ತಗೆ, 10 ಅತಿ ಗಡಸು) ಅಮೆಥಿಸ್ಟ್ 7, ಲ್ಯಾಪಿಸ್ 5-6, ಮುತ್ತು 2.5-4.5. ಅಮೆಥಿಸ್ಟ್ ಪಕ್ಕದಲ್ಲಿ ಕೂತ ಮುತ್ತು ಸವೆಯುತ್ತೆ: ಮೊದಲು ತೂತಿನ ಸುತ್ತ ಹೊಳಪು ಹೋಗುತ್ತೆ, ಆಮೇಲೆ ಪದರ ಚಕ್ಕೆ ಏಳುತ್ತೆ. ಮುತ್ತುಗಳನ್ನ ಚದುರಿಸದೆ ಎದೆಯ ನಡುವೆ ಒಂದೇ ಗುಂಪಾಗಿ ಇಡಿ.

ಲ್ಯಾಪಿಸ್ ಬಣ್ಣ ಹಾಕಿದ್ದಾ ನೋಡಿ. ಹತ್ತಿಗೆ ಅಸಿಟೋನ್ ಮುಟ್ಟಿಸಿ ಒಂದು ಮಣಿಯ ತೂತಿನ ಹತ್ತಿರ ಉಜ್ಜಿ. ಹತ್ತಿ ನೀಲಿಯಾದ್ರೆ ಆ ಮಣಿಗಳು ಬೇಡವೇ ಬೇಡ, ಬೆವರಿಗೆ ಬಣ್ಣ ಬಿಟ್ಟು ಮುತ್ತೆಲ್ಲ ನೀಲಿ ಕಲೆಯಾಗುತ್ತೆ. ಮುತ್ತಿಗೆ ಮಾತ್ರ ಅಸಿಟೋನ್ ತಾಗಿಸ್ಬೇಡಿ.

ಹರಳುಪ್ರಿಯೆ:
ಹಾಗಾದ್ರೆ ಲೆಕ್ಕ ಹೇಗೆ?

ಸೂಜಿದಾರ:
ನಡುವೆ ಮುತ್ತು 9, ಅಂದ್ರೆ 54 ಮಿ.ಮೀ. ಅಮೆಥಿಸ್ಟ್, ಗುಂಡು, ಲ್ಯಾಪಿಸ್, ಗುಂಡು, ಗಾರ್ನೆಟ್, ಗುಂಡು ಸೇರಿ ಒಂದು ವರಸೆ 24 ಮಿ.ಮೀ.; ಒಂದೊಂದು ಬದಿಗೆ 7 ವರಸೆಯಂತೆ 336. ತುದಿಯ ಗುಂಡುಗಳು 18. ಒಟ್ಟು 408. ಕೊಂಡಿ, ವೈರ್ ಗಾರ್ಡ್, ಕ್ರಿಂಪ್ ಸೇರಿದ್ರೆ 45 ಸೆಂ.ಮೀ. ಹತ್ತಿರ ಬರುತ್ತೆ. ಪ್ರತಿ ಬದಿಯ ವರಸೆ ಮುತ್ತಿನ ಕಡೆ ಗುಂಡಿನಿಂದಲೇ ಮುಗೀಲಿ, ಅಮೆಥಿಸ್ಟ್ ಆಗಲಿ ಗಾರ್ನೆಟ್ ಆಗಲಿ ಮುತ್ತಿಗೆ ತಾಗಬಾರದು.

ಇಕ್ಕಳ:
ಒಂದು ಮಾತು: 8 ಮಿ.ಮೀ. ಮಣಿಯಲ್ಲಿ ವೈರ್ ಚರ್ಮದಿಂದ 4 ಮಿ.ಮೀ. ಮೇಲಿರುತ್ತೆ. ಹಾಗಾಗಿ ಕತ್ತಿಗೆ ಸರ ಸುಮಾರು 2.5 ಸೆಂ.ಮೀ. ಗಿಡ್ಡ ಅನಿಸುತ್ತೆ. ಬಿಗಿಯಾದ್ರೆ ಬದಿಗೊಂದು ವರಸೆ ಸೇರಿಸಿ. ವೈರ್ ಕತ್ತರಿಸುವಾಗ ಸರದ ಉದ್ದಕ್ಕಿಂತ 15 ಸೆಂ.ಮೀ. ಹೆಚ್ಚು ಇಟ್ಕೊಳ್ಳಿ.