ರಾಯರಿಗೆ ಬಂದ ಉತ್ತರ

"ಆಫೀಸಿನಿಂದ ರಿಪ್ಲೈ ಬಂದಿದೆ ಕಣ್ರೋ!" ರಾಯರು ಲ್ಯಾಪ್‌ಟಾಪ್ ಹೊತ್ತುಕೊಂಡೇ ಕಟ್ಟೆಗೆ ಬಂದರು.

ಮೇಲೆ ಬಂಗಾರದ ಬಣ್ಣದ ಲೋಗೊ. ಕೆಳಗೆ ನೀಲಿ ಪಟ್ಟಿ. ನಡುವೆ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಪಕ್ಕದಲ್ಲಿ ಪುಟ್ಟದೊಂದು 2, ಆಮೇಲೆ ಚುಕ್ಕಿಯೋ ಕೊಕ್ಕೆಯೋ. ಮತ್ತೆ ಗೀಟಿನ 'ಎ', ಈ ಸಲ 3. ಐದಾರು ಸಾಲೂ ಹೀಗೇ.

"ತುಟ್ಟಿಭತ್ಯೆ ಇರಬೇಕು ಸಾರ್. ಎರಡೋ ಮೂರೋ ಪರ್ಸೆಂಟ್ ಅಂತ ಅವರಿಗೇ ಗ್ಯಾರಂಟಿ ಇಲ್ಲ," ಎಂದ ಶೀನ.

"ಬೀಜಾಕ್ಷರ ಇದ್ದಂಗಿದೆ. ಜೋರಾಗಿ ಓದಬೇಡಿ," ಎಂದರು ಪದ್ದಕ್ಕ.

ವೆಂಕಣ್ಣ ಕನ್ನಡಕ ಏರಿಸಿದ. "ಇದು ಕನ್ನಡವೇ ರಾಯರೇ. ಯುಟಿಎಫ್-8 ಅಂದ್ರೆ ಕಂಪ್ಯೂಟರು ಅಕ್ಷರಗಳನ್ನ ಅಂಕಿಗಳಾಗಿ ಬರೆದಿಡೋ ಪದ್ಧತಿ. ಅದರಲ್ಲಿ ನಮ್ಮ ಒಂದು 'ಕ' ಬರೆಯೋಕೆ ಮೂರು ಬೈಟ್, ಅಂದ್ರೆ ಮೂರು ತುಣುಕು ಬೇಕು. ಮೂರನ್ನೂ ಕೂಡಿಸಿ ಓದು ಅಂತ ಇಮೇಲಿನ ಮೊದಲಲ್ಲಿ ಬರೋ ಸೂಚನೆಯಲ್ಲಿ, ಅಂದ್ರೆ ಹೆಡರ್‌ನಲ್ಲಿ ಹೇಳಬೇಕು. ಇವರು ಅಲ್ಲಿ ವಿಂಡೋಸ್-1252 ಅಂತ, ಇಂಗ್ಲಿಷಿನಂಥ ಲಿಪಿಗಳ ಹಳೇ ಪದ್ಧತಿ ಹಾಕಿದ್ದಾರೆ. ಅದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂದುಕೊಂಡಿದೆ. ಲೋಗೊಗೆ ಬಂಗಾರ ಬಳಿಯೋಕೆ ಪುರುಸೊತ್ತಿದೆ, ಹೆಡರಿನಲ್ಲಿ ಇದನ್ನ ಹೇಳೋ ಚಾರ್‌ಸೆಟ್ ಅನ್ನೋ ಒಂದು ಸಾಲು ತಿದ್ದೋಕೆ ಇಲ್ಲ!"

"ಹೊಸ ಟೆಕ್ನಾಲಜಿ ಅಲ್ವಾ, ಸ್ವಲ್ಪ ಟೈಮ್ ಕೊಡಿ," ಎಂದ ಶೀನ.

"ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲೂ ಇಮೇಲ್ ಕಳಿಸೋಕೆ ಅಂತ ಮೈಮ್ ಅನ್ನೋ ನಿಯಮ ಬಂದಿದ್ದು 1992ರಲ್ಲಿ. ಇನ್ನೆಷ್ಟು ಟೈಮ್ ಬೇಕೋ?"

"ಈಗೆಲ್ಲ ಲುಕ್ ಮುಖ್ಯ ವೆಂಕಣ್ಣ. ನಮ್ಮ ಬಾಸ್ ಬರೆಯೋದು 'ಓಕೆ' ಅಂತ. ಸಹಿ ಹತ್ತು ಸಾಲು. ಕೊನೆಗೆ, ಪ್ರಿಂಟ್ ತೆಗೆಯುವ ಮುನ್ನ ಮರಗಳನ್ನು ನೆನೆಯಿರಿ ಅಂತ ಹಸಿರಕ್ಷರ."

"ಓಕೆಯನ್ನ ಯಾವನೋ ಪ್ರಿಂಟ್ ತೆಗೀತಾನೆ?"

"ನಮ್ಮ ಭಾವ ತೆಗೀತಾರೆ. ಫೈಲ್ ಮಾಡಿ ಇಡ್ತಾರೆ," ಎಂದರು ಪದ್ದಕ್ಕ. ಭಾವನ ಫೈಲುಗಳು, ಅವರ ಮಂಡಿನೋವು, ಅದಕ್ಕೆ ಹಚ್ಚುವ ಎಣ್ಣೆ ಎಂದು ಮಾತು ಎಲ್ಲೆಲ್ಲೋ ಹೋಯಿತು. ಅಷ್ಟರಲ್ಲಿ ವೆಂಕಣ್ಣ ಆ ಮೇಲನ್ನು ಇಮೇಲ್ ಓದುವ ತಂತ್ರಾಂಶ ಥಂಡರ್‌ಬರ್ಡ್‌ನಲ್ಲಿ ತೆರೆದು, ವ್ಯೂ ಮೆನುವಿನಲ್ಲಿದ್ದ 'ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್' ಒತ್ತಿದ. ಗೀಟಿನ 'ಎ'ಗಳೆಲ್ಲ ಮಾಯ. ಐದಾರು ಸಾಲು ಕುಗ್ಗಿ ಎರಡೇ ಸಾಲಾಯಿತು. ಅಚ್ಚ ಕನ್ನಡ.

'ನಿಮ್ಮ ಪತ್ರ ತಲುಪಿದೆ. ಇದು ಯಂತ್ರ ಕಳಿಸಿದ ಸಂದೇಶ, ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.'

ರಾಯರು ಎರಡು ಸಲ ಓದಿದರು.

"ಮೂವತ್ತು ವರ್ಷ ಕೂತ ಸೆಕ್ಷನ್ನು ಕಣೋ ಅದು. ಯಾರೋ ಗುರುತು ಹಿಡಿದು ಕೂತು ಬರೆದಿದ್ದಾರೆ ಅಂದ್ಕೊಂಡಿದ್ದೆ. ಮೊದಲಿನ ಹಾಗೇ ಮಾಡಿಬಿಡು ವೆಂಕಣ್ಣ."

"ರಿಪೇರಿಗೆ ಮೆನು ಇದೆ ರಾಯರೇ. ಕೆಡಿಸೋಕೆ ಆಫೀಸಿಗೇ ಬರೀಬೇಕು."

"ಲೋಗೊ ಮಾತ್ರ ಚೆನ್ನಾಗಿದೆ ಬಿಡಿ ಸಾರ್," ಎಂದ ಶೀನ.