ಹಳೆಯ ಜೆಡ್4 ಕೊಳ್ಳುವ ಮುನ್ನ: ಗುಂಡಿ (ಟ್ರೆಡ್) ಉಳಿದಿದ್ದರೂ ಟೈರು ಹಳತಾಗಿದ್ದರೆ ಏನು ಮಾಡಬೇಕು?

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 2011ರ ಕೊನೆಗೆ ನೋಂದಣಿಯಾದ ಬಿಎಂಡಬ್ಲ್ಯು ಜೆಡ್4 ಎಸ್‌ಡ್ರೈವ್ 35ಐ ಕಾರೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಎರಡೇ ಆಸನಗಳ, ಚಾವಣಿ ಮಡಚಿಕೊಳ್ಳುವ ಈ ಕಾರಿನ ಮೇಲೆ ನನಗೆ ಬಹುಕಾಲದ ಆಸೆ. ಅದು ಹೆಚ್ಚು ಓಡಿಲ್ಲ. ಬಣ್ಣ ಮತ್ತು ಒಳಭಾಗ ಚೆನ್ನಾಗಿವೆ. ನನಗೆ ಸಂದೇಹ ಬಂದಿರುವುದು ಟೈರುಗಳ ಬಗ್ಗೆ. ಮುಂದಿನ ಎರಡು ಟೈರುಗಳ ಮೇಲೆ 0919 ಎಂದೂ ಹಿಂದಿನವುಗಳ ಮೇಲೆ 2214 ಎಂದೂ ಅಂಕಿಗಳಿವೆ, ಕಂಪನಿಗಳೂ ಬೇರೆ ಬೇರೆ. ಹಿಂದಿನ ಟೈರುಗಳ ಒಳ ಅಂಚು ಹೊರ ಅಂಚಿಗಿಂತ ಹೆಚ್ಚು ಸವೆದಿದೆ. ತುಮಕೂರು ರಸ್ತೆಯಲ್ಲಿ ಓಡಿಸಿ ನೋಡಿದಾಗ ವೇಗ 90 ಕಿ.ಮೀ. ದಾಟಿದ ಮೇಲೆ ಸ್ಟೀರಿಂಗ್ ನಡುಗಿತು. ಟೈರಿನ ಗುಂಡಿ, ಅಂದರೆ ನೆಲಕ್ಕೆ ತಾಗುವ ಮೇಲ್ಮೈಯ ಟ್ರೆಡ್, ಇನ್ನೂ ಸಾಕಷ್ಟಿದೆ, ಬ್ಯಾಲೆನ್ಸಿಂಗ್ ಮಾಡಿಸಿದರೆ ಸರಿಹೋಗುತ್ತದೆ ಎಂಬುದು ಮಾಲೀಕರ ಮಾತು. ಕಾರಿನಲ್ಲಿ ಸ್ಟೆಪ್ನಿ ಇಲ್ಲ. ಬೆಲೆ ಮಾತನಾಡುವಾಗ ನಾನು ಯಾವುದನ್ನು ಗಣನೆಗೆ ತೆಗೆದುಕೊಳ್ಳಬೇಕು, ಮೊದಲ ವರ್ಷ ಬೇರೆ ಯಾವ ಖರ್ಚುಗಳು ಬರಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಚಿತ್ರದುರ್ಗ)

ನಮಸ್ಕಾರ. ಆ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಅಂದರೆ ಹಿಂದಿನ ಟೈರುಗಳು 2014ರ 22ನೇ ವಾರದಲ್ಲಿ ತಯಾರಾದವು, ಮುಂದಿನವು 2019ರ 9ನೇ ವಾರದವು. ಟೈರು ಓಡಿದಷ್ಟೇ ಸವೆಯುತ್ತದೆ ಎಂದು ನಾವು ಭಾವಿಸುತ್ತೇವೆ, ಆದರೆ ರಬ್ಬರು ಗಾಳಿಯ ಆಮ್ಲಜನಕ ಮತ್ತು ಬಿಸಿಲಿನಿಂದಾಗಿ ನಿಂತಲ್ಲೇ ಗಡುಸಾಗುತ್ತದೆ. ಗುಂಡಿಯ ಆಳ 1.6 ಮಿ.ಮೀ.ಗೆ ಇಳಿದರೆ ಟೈರು ಬದಲಿಸಲೇಬೇಕು ಎಂಬುದು ನಿಯಮ. ಆಳ ಅದಕ್ಕಿಂತ ಹೆಚ್ಚಿದ್ದ ಮಾತ್ರಕ್ಕೆ ಟೈರು ಸುರಕ್ಷಿತವೆಂದು ಅರ್ಥವಲ್ಲ. ಆರು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷವಾದ ಮೇಲೆ ನೋಡಲು ಹೇಗಿದ್ದರೂ ತೆಗೆದುಹಾಕಬೇಕು ಎಂದು ಹಲವು ತಯಾರಕರೇ ಹೇಳುತ್ತಾರೆ. ನಿಮ್ಮ ಹಿಂದಿನ ಟೈರುಗಳು ಆ ಗಡಿ ದಾಟಿವೆ. 306 ಅಶ್ವಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಕಳಿಸುವ ಕಾರಿನಲ್ಲಿ, ಅದೂ ಏಪ್ರಿಲ್ ಬಿಸಿಲಿನಲ್ಲಿ ಹಿರಿಯೂರಿನ ಕಡೆಯಿಂದ ಹೆದ್ದಾರಿ 48ರಲ್ಲಿ ಬರುವಾಗ, ಅಂಥ ಟೈರುಗಳ ಮೇಲೆ ಕುಳಿತುಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ. ಕಾರನ್ನು ಬೆಂಗಳೂರಿನಿಂದ ಊರಿಗೆ ತರುವುದಕ್ಕೂ ಅವುಗಳನ್ನು ನಂಬಬೇಡಿ.

ನಡುಕಕ್ಕೆ ಬ್ಯಾಲೆನ್ಸಿಂಗ್ ಒಂದೇ ಕಾರಣವಾಗಿರಬೇಕಿಲ್ಲ. ಸ್ಟೀರಿಂಗ್ ನಡುಗಿದರೆ ದೋಷ ಸಾಮಾನ್ಯವಾಗಿ ಮುಂದಿನ ಚಕ್ರಗಳಲ್ಲಿರುತ್ತದೆ, ಆಸನ ನಡುಗಿದರೆ ಹಿಂದಿನವುಗಳಲ್ಲಿ. ಬಹುಕಾಲ ಒಂದೇ ಜಾಗದಲ್ಲಿ ನಿಂತ ಕಾರಿನ ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರಬಹುದು, ಅಥವಾ ರಸ್ತೆಯ ಹಳ್ಳಕ್ಕೆ ಬಿದ್ದು ರಿಮ್ ಸೊಟ್ಟಗಾಗಿರಬಹುದು. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಪ್ರತಿ ಚಕ್ರವನ್ನೂ ತಿರುಗಿಸಿ, ರಿಮ್ಮಿನ ಒಳ ಅಂಚು ಓಲಾಡುತ್ತದೆಯೇ ಎಂದು ಕಣ್ಣಾರೆ ನೋಡಿ. ಹೊರಗಿನಿಂದ ಅಂದವಾಗಿ ಕಾಣುವ ರಿಮ್ಮು ಒಳಗೆ ಬೆಸುಗೆ ಹಾಕಿಸಿಕೊಂಡಿರುವುದೂ ಉಂಟು.

ಸ್ಟೆಪ್ನಿ ಇಲ್ಲದಿರುವುದು ಮಾಲೀಕರ ತಪ್ಪಲ್ಲ. ಈ ಕಾರು ರನ್‌ಫ್ಲ್ಯಾಟ್ ಟೈರುಗಳೊಂದಿಗೆ ಬಂದದ್ದು. ಗಾಳಿ ಹೋದರೂ ಅವು ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಸಾಗಿಸುತ್ತವೆ. ಹಾಗೆ ಗಾಳಿಯಿಲ್ಲದೆ ಓಡಿದ ಟೈರಿನ ಒಳಪದರ ಹಾಳಾಗಿರುವುದರಿಂದ ಅದಕ್ಕೆ ಪಂಕ್ಚರ್ ಹಾಕಿಸಿ ಮತ್ತೆ ಬಳಸಬಾರದು. ಈಗ ಹಾಕಿರುವುದು ರನ್‌ಫ್ಲ್ಯಾಟ್ ಹೌದೋ ಅಲ್ಲವೋ ಎಂಬುದನ್ನು ಟೈರಿನ ಪಕ್ಕದ ಬರಹದಲ್ಲಿ ಓದಿ ಖಚಿತಪಡಿಸಿಕೊಳ್ಳಿ. 18 ಇಂಚಿನ ಚಕ್ರಗಳಾಗಿದ್ದರೆ ಮುಂದೆ 225/40, ಹಿಂದೆ 255/35 ಅಳತೆ ಇರಬೇಕು. ಅಳತೆ ಬೇರೆಯಾದ್ದರಿಂದ ಮುಂದಿನದನ್ನು ಹಿಂದಕ್ಕೆ ಹಾಕಿ ಆಯುಷ್ಯ ಹೆಚ್ಚಿಸುವ ದಾರಿಯೂ ಇಲ್ಲ. ನಾಲ್ಕೂ ಹೊಸ ಟೈರುಗಳ ಬೆಲೆಯನ್ನು ಅಂಗಡಿಯಿಂದ ಬರೆಸಿಕೊಂಡು ಹೋಗಿ, ಅದನ್ನು ಮುಂದಿಟ್ಟುಕೊಂಡೇ ಚೌಕಾಸಿ ಮಾಡಿ.

ಉತ್ತರ (ಹರಿಹರ)

ಮೇಲಿನವರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಒಳ ಅಂಚಿನ ಸವೆತದ ಬಗ್ಗೆ ಮಾತ್ರ ಇನ್ನಷ್ಟು ಹೇಳಬೇಕು. ಇಂಥ ಕಾರುಗಳ ಹಿಂದಿನ ಚಕ್ರಗಳನ್ನು ತಿರುವಿನ ಹಿಡಿತಕ್ಕಾಗಿ ಸ್ವಲ್ಪ ಒಳಕ್ಕೆ ವಾಲಿಸಿಯೇ ಇಟ್ಟಿರುತ್ತಾರೆ, ಹಾಗಾಗಿ ತುಸು ವ್ಯತ್ಯಾಸ ಸಹಜ. ಕೈಯಾಡಿಸಿದಾಗ ಗೊತ್ತಾಗುವಷ್ಟು ಹೆಚ್ಚಿದ್ದರೆ ಚಕ್ರವನ್ನು ಹಿಡಿದಿಡುವ ಹಿಂದಿನ ಆರ್ಮ್‌ಗಳ ಬುಷ್ (ಕೀಲಿನ ರಬ್ಬರು) ಹೋಗಿರಬಹುದು. ಅದನ್ನು ಮೊದಲು ಸರಿಪಡಿಸಿ, ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿದ ಮೇಲೆಯೇ ಹೊಸ ಟೈರು ಹಾಕಿಸಿ. ಇಲ್ಲವಾದರೆ ಹೊಸ ಟೈರೂ ಅದೇ ಅಂಚಿನಲ್ಲಿ ಸವೆಯುತ್ತದೆ.

ಈ ಕಾರಿನ ಎನ್54 ಎಂಜಿನ್ನಿನಲ್ಲಿ ಹೈ ಪ್ರೆಶರ್ ಫ್ಯೂಯಲ್ ಪಂಪು ಮತ್ತು ವಿದ್ಯುತ್ ಚಾಲಿತ ವಾಟರ್ ಪಂಪು ಕೈಕೊಡುವುದು ಎಲ್ಲೆಡೆ ಕೇಳಿಬಂದ ದೂರು. ಅವುಗಳನ್ನು ಬದಲಿಸಿದ ಬಿಲ್ಲುಗಳಿವೆಯೇ ಎಂದು ಕೇಳಿ. ಚಾವಣಿಯನ್ನು ಹಲವು ಬಾರಿ ತೆರೆದು ಮುಚ್ಚಿಸಿ ನೋಡಿ.

ಕಾಗದಪತ್ರದ ಖರ್ಚನ್ನು ಬಹಳ ಜನ ಮರೆಯುತ್ತಾರೆ. ಆರ್.ಸಿ.ಯ ಹದಿನೈದು ವರ್ಷದ ಅವಧಿ 2026ರ ಕೊನೆಗೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಜಾರಿಯಾದ ದರದಂತೆ ನವೀಕರಣ ಶುಲ್ಕ ಸಾಮಾನ್ಯ ಕಾರಿಗೆ 5,000 ರೂಪಾಯಿ, ಆಮದಾದ ನಾಲ್ಕು ಚಕ್ರದ ವಾಹನಕ್ಕೆ 40,000 ರೂಪಾಯಿ. ಇದರ ಜೊತೆಗೆ ಹಸಿರು ತೆರಿಗೆಯೂ ಇದೆ. ಆರ್.ಸಿ.ಯಲ್ಲಿ ಕಾರು ಯಾವ ವರ್ಗದಲ್ಲಿ ದಾಖಲಾಗಿದೆ ಎಂದು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಸಾಲದ ನಮೂದು ಉಳಿದಿದ್ದರೆ ಮಾಲೀಕರಿಂದ ಫಾರ್ಮ್ 35 (ಸಾಲ ತೀರಿತೆಂದು ನಮೂದು ತೆಗೆಸುವ ಅರ್ಜಿ) ಪಡೆಯಿರಿ. ವಿಮೆಯ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಾರುವವರಿಗೆ ಸೇರಿದ್ದು, ಕಾರಿನೊಂದಿಗೆ ನಿಮಗೆ ಬರುವುದಿಲ್ಲ. ಆದ್ದರಿಂದ ಅವರು ಕಟ್ಟುತ್ತಿರುವ ಪ್ರೀಮಿಯಂ ನೋಡಿ ನಿಮ್ಮ ಲೆಕ್ಕ ಹಾಕಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ರನ್‌ಫ್ಲ್ಯಾಟ್ ಬದಲು ಸಾಮಾನ್ಯ ಟ್ಯೂಬ್‌ಲೆಸ್ ಟೈರು ಹಾಕಿಸಬಹುದೇ? ಬೆಲೆ ಕಡಿಮೆ, ಸವಾರಿಯೂ ಮೃದು ಎನ್ನುತ್ತಾರೆ.

ಉತ್ತರ (ಚಿತ್ರದುರ್ಗ)

ಹಾಕಿಸಬಹುದು, ಆದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ; ಎರಡು ಬಗೆಯನ್ನು ಬೆರೆಸಬೇಡಿ. ಟೈರು ಎಷ್ಟು ಭಾರ, ಎಷ್ಟು ವೇಗ ತಾಳುತ್ತದೆಂದು ತೋರಿಸುವ ಲೋಡ್ ಮತ್ತು ವೇಗದ ಸೂಚ್ಯಂಕ ಮೂಲದ್ದಕ್ಕಿಂತ ಕಡಿಮೆಯಿರಬಾರದು. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಪಂಕ್ಚರ್ ಕಿಟ್ ಸದಾ ಕಾರಿನಲ್ಲಿರಲಿ. ಪಕ್ಕದ ಗೋಡೆ ಸೀಳಿದರೆ ಆ ಕಿಟ್ಟಿನಿಂದ ಪ್ರಯೋಜನವಿಲ್ಲ, ಆಗ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ವಾಹನವೇ ಬೇಕು. ಹೀಗಾಗಿ ವಿಮೆ ಮಾಡಿಸುವಾಗ ರಸ್ತೆ ನೆರವಿನ ಸೌಲಭ್ಯವನ್ನೂ ಸೇರಿಸಿಕೊಳ್ಳಿ, ಅದು ದಾವಣಗೆರೆ ಜಿಲ್ಲೆಯೊಳಗೂ ಸಿಗುತ್ತದೆಯೇ ಎಂದು ಸಹಿ ಹಾಕುವ ಮೊದಲೇ ಕೇಳಿ.